ಟೈಫೂನ್ ಹೋದ ಮೇಲೆ: ಹಾನಿಯ ಲೆಕ್ಕ, ಸರ್ಕಾರದ ಪರಿಹಾರ – ಪದೇ ಪದೇ ಕೇಳುವ ಪ್ರಶ್ನೆಗಳು

ಟೈಫೂನ್ ಬಡಿದಾಗ ಟಿ.ವಿ.ಯಲ್ಲಿ ಎರಡು ಮೂರು ದಿನ ಅದೇ ಸುದ್ದಿ. ಆಮೇಲೆ ಕ್ಯಾಮೆರಾ ಬೇರೆ ಕಡೆ ತಿರುಗುತ್ತದೆ. ಅಸಲಿ ಕೆಲಸ ಶುರುವಾಗುವುದೇ ಆಗ. ಬಿದ್ದ ಮನೆ ಎಣಿಸಬೇಕು, ಹೆಸರು ಬರೆದುಕೊಳ್ಳಬೇಕು, ಅಕ್ಕಿ ಸಾಗಿಸಬೇಕು, ದುಡ್ಡು ಹಂಚಬೇಕು. ಇದನ್ನೆಲ್ಲ ಯಾರು, ಹೇಗೆ ಮಾಡುತ್ತಾರೆ ಎಂದು ಕೇಳುವವರಿಗಾಗಿ ಈ ಉತ್ತರಗಳು. ಉದಾಹರಣೆ ಫಿಲಿಪ್ಪೀನ್ಸ್‌ನದು, ಅದರಲ್ಲೂ 2013ರ ಯೊಲಾಂಡಾ ಚಂಡಮಾರುತದ್ದು.

ಟೈಫೂನ್ ಅಂದರೆ ನಮ್ಮ ಚಂಡಮಾರುತವೇ ಅಲ್ವಾ?

ಹೌದು, ಅದೇ. ಬಂಗಾಳ ಕೊಲ್ಲಿಯಲ್ಲಿ ಎದ್ದರೆ ಸೈಕ್ಲೋನ್, ಅಮೆರಿಕದ ಪೂರ್ವ ಕರಾವಳಿಯ ಕಡೆ ಎದ್ದರೆ ಹರಿಕೇನ್, ಪೆಸಿಫಿಕ್ ಸಾಗರದ ವಾಯವ್ಯ ಭಾಗದಲ್ಲಿ ಎದ್ದರೆ ಟೈಫೂನ್. ಫಿಲಿಪ್ಪೀನ್ಸ್‌ನ ಹವಾಮಾನ ಸಂಸ್ಥೆಯ ಹೆಸರು ಪಗಾಸಾ. ಅಲ್ಲಿನ ಭಾಷೆಯಲ್ಲಿ ಹಾಗೆಂದರೆ ಭರವಸೆ. ಅದು ಕಣ್ಣಿಡುವ ಸಮುದ್ರ ಪ್ರದೇಶಕ್ಕೆ ವರ್ಷಕ್ಕೆ ಸರಾಸರಿ 20 ಚಂಡಮಾರುತಗಳು ಬರುತ್ತವೆ. ಅದರಲ್ಲಿ ಎಂಟೊಂಬತ್ತು ನೆಲಕ್ಕೆ ಬಡಿಯುತ್ತವೆ. ಪಗಾಸಾ ಇವಕ್ಕೆ ತನ್ನದೇ ಹೆಸರು ಇಡುತ್ತದೆ. ಹೀಗಾಗಿ ಜಗತ್ತು ಹೈಯಾನ್ ಎಂದು ಕರೆದದ್ದೇ ಅಲ್ಲಿನವರ ಬಾಯಲ್ಲಿ ಯೊಲಾಂಡಾ.

ಯೊಲಾಂಡಾ ಉದಾಹರಣೆಯೇ ಯಾಕೆ?

ಎಲ್ಲವೂ ಒಟ್ಟಿಗೆ ಕೆಟ್ಟರೆ ಏನಾಗುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. 2013ರ ನವೆಂಬರ್ 8ರ ನಸುಕಿನಲ್ಲಿ ಅದು ಪೂರ್ವ ಸಾಮಾರ್‌ನ ಗಿವಾನ್ ಪಟ್ಟಣಕ್ಕೆ ಬಡಿಯಿತು. ಗಾಳಿಯ ವೇಗ ಅಮೆರಿಕದ ನೌಕಾ ಹವಾಮಾನ ಕೇಂದ್ರದ ಅಂದಾಜಿನಲ್ಲಿ ಗಂಟೆಗೆ 315 ಕಿ.ಮೀ. ಜಪಾನ್‌ನವರ ಲೆಕ್ಕದಲ್ಲಿ 230 ಕಿ.ಮೀ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಒಬ್ಬರು ಒಂದು ನಿಮಿಷದ ಸರಾಸರಿ ತೆಗೆದರು, ಇನ್ನೊಬ್ಬರು ಹತ್ತು ನಿಮಿಷದ್ದು. ಯಾವುದನ್ನು ಹೇಗೆ ಅಳೆದಿರಿ ಎಂದು ಕೇಳದೆ ಅಂಕಿ ನಂಬಬಾರದು ಅನ್ನುವ ಪಾಠ ಅಲ್ಲಿಂದಲೇ ಶುರು.

ಲೇಟೆ ದ್ವೀಪದ ಟಕ್ಲೋಬಾನ್ ನಗರದಲ್ಲಿ ಜನರನ್ನು ಕೊಂದದ್ದು ಗಾಳಿಗಿಂತ ಜಾಸ್ತಿ ನೀರು. ಅಲ್ಲಿನ ಕೊಲ್ಲಿ ಒಳಗೆ ಹೋದಂತೆ ಕಿರಿದಾಗುತ್ತದೆ, ಆಳವೂ ಕಡಿಮೆ. ಗಾಳಿ ತಳ್ಳಿದ ಸಮುದ್ರ ಒಂದೆರಡು ಮಹಡಿ ಎತ್ತರಕ್ಕೆ ಊರೊಳಗೆ ನುಗ್ಗಿತು. ಸುರಕ್ಷಿತ ಎಂದು ಜನರನ್ನು ಸೇರಿಸಿದ್ದ ಕೆಲವು ಆಶ್ರಯ ಕೇಂದ್ರಗಳೊಳಗೂ ನೀರು ಹೊಕ್ಕಿತು.

ಮೊದಲ ದಿನ ರಾಜಧಾನಿಗೆ ಏನೂ ಗೊತ್ತೇ ಆಗಲಿಲ್ಲವಂತೆ, ಹೌದಾ?

ಬಹುಮಟ್ಟಿಗೆ ಹೌದು. ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. ಗೃಹ ಮತ್ತು ರಕ್ಷಣಾ ಖಾತೆಯ ಇಬ್ಬರು ಸಚಿವರು ಚಂಡಮಾರುತ ಬರುವ ಮೊದಲೇ ಟಕ್ಲೋಬಾನ್‌ಗೆ ಹೋಗಿ ಕೂತಿದ್ದರು. ಆದರೆ ಗಾಳಿ ಬಡಿದ ಮೇಲೆ ಮೊಬೈಲ್ ಟವರ್ ಇಲ್ಲ, ಕರೆಂಟ್ ಇಲ್ಲ, ವಿಮಾನ ನಿಲ್ದಾಣ ನೆಲಸಮ. ಸಚಿವರೇ ಮನಿಲಾದ ಸಂಪರ್ಕ ಕಳೆದುಕೊಂಡರು.

ಇನ್ನೊಂದು ಸಂಗತಿಯನ್ನು ಎಷ್ಟೋ ಜನ ಮರೆಯುತ್ತಾರೆ. ಸ್ಥಳೀಯ ಪೊಲೀಸ್, ನರ್ಸ್, ಪಟ್ಟಣದ ಗುಮಾಸ್ತ – ಇವರೆಲ್ಲ ಆ ಊರಿನವರೇ. ಅವರ ಮನೆಯೂ ಹೋಗಿದೆ, ಮಕ್ಕಳು ಎಲ್ಲಿದ್ದಾರೋ ಗೊತ್ತಿಲ್ಲ. ಟಕ್ಲೋಬಾನ್‌ನ ಪೊಲೀಸರಲ್ಲಿ ಹೆಚ್ಚಿನವರು ಮೊದಲ ದಿನಗಳಲ್ಲಿ ಕೆಲಸಕ್ಕೆ ಬರಲಾಗಲಿಲ್ಲ. ಕೆಳಗಿನವರು ವರದಿ ಕಳಿಸುತ್ತಾರೆ, ಮೇಲಿನವರು ಸಹಾಯ ಕಳಿಸುತ್ತಾರೆ ಎಂಬುದು ಇಡೀ ವ್ಯವಸ್ಥೆಯ ಅಡಿಪಾಯ. ಕೆಳಗೆ ಯಾರೂ ಉಳಿದಿಲ್ಲ ಅಂದರೆ? ಆಗ ಮೌನವನ್ನೇ ವರದಿ ಎಂದು ಓದಬೇಕು. ಯಾವ ಊರಿಂದ ಏನೂ ಸುದ್ದಿ ಬಂದಿಲ್ಲವೋ ಅಲ್ಲಿಗೆ ಮೊದಲು ಹೆಲಿಕಾಪ್ಟರ್ ಹೋಗಬೇಕು.

ಹಾನಿಯನ್ನು ಎಣಿಸುವವರು ಯಾರು?

ಶುರುವಾಗುವುದು ಬರಂಗಾಯ್‌ನಿಂದ. ಬರಂಗಾಯ್ ಅಂದರೆ ಅಲ್ಲಿನ ಅತಿ ಚಿಕ್ಕ ಆಡಳಿತ ಘಟಕ. ನಮ್ಮ ಗ್ರಾಮ ಪಂಚಾಯಿತಿ ಅಥವಾ ವಾರ್ಡ್ ಇದ್ದ ಹಾಗೆ, ಸ್ವಲ್ಪ ಚಿಕ್ಕದು. ದೇಶದಲ್ಲಿ ಇಂಥವು 42 ಸಾವಿರ ಇವೆ. ಬರಂಗಾಯ್ ಮುಖ್ಯಸ್ಥ ಮನೆಮನೆ ನೋಡಿ ಪಟ್ಟಿ ಮಾಡುತ್ತಾನೆ. ಪಟ್ಟಿ ಪಟ್ಟಣಕ್ಕೆ, ಅಲ್ಲಿಂದ ಪ್ರಾಂತ್ಯಕ್ಕೆ, ಅಲ್ಲಿಂದ ವಲಯ ಕಚೇರಿಗೆ, ಕೊನೆಗೆ ಮನಿಲಾದ ರಾಷ್ಟ್ರೀಯ ವಿಪತ್ತು ಮಂಡಳಿಗೆ ಹೋಗುತ್ತದೆ.

ಈ ಮಂಡಳಿ ಹುಟ್ಟಿದ್ದು 2010ರ 10121ನೇ ಕಾಯ್ದೆಯಿಂದ. ಅಧ್ಯಕ್ಷ ರಕ್ಷಣಾ ಸಚಿವ. ಕೆಳಗೆ ನಾಲ್ವರು ಉಪಾಧ್ಯಕ್ಷರು: ಸಿದ್ಧತೆ ಗೃಹ ಖಾತೆಗೆ, ತುರ್ತು ನೆರವು ಸಮಾಜ ಕಲ್ಯಾಣಕ್ಕೆ, ಅಪಾಯ ತಗ್ಗಿಸುವುದು ವಿಜ್ಞಾನ ಇಲಾಖೆಗೆ, ಮರುನಿರ್ಮಾಣ ಯೋಜನಾ ಸಂಸ್ಥೆಗೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಇವರೆಲ್ಲ ಬೇರೆ ಬೇರೆ ಖಾತೆಯವರು. ಒಬ್ಬರ ಮಾತು ಇನ್ನೊಬ್ಬರ ಗುಮಾಸ್ತ ಕೇಳಬೇಕೆಂದೇನೂ ಇಲ್ಲ.

ಒಂದೇ ಹಾನಿಗೆ ಎರಡೆರಡು ಸಮೀಕ್ಷೆ ಯಾಕೆ?

ಎರಡೂ ಬೇರೆ ಪ್ರಶ್ನೆಗೆ ಉತ್ತರ. ಮೊದಲನೆಯದು ತ್ವರಿತ ಸಮೀಕ್ಷೆ. ಗಾಳಿ ನಿಂತ ಮೊದಲ ಕೆಲವು ದಿನಗಳಲ್ಲೇ ಓಡಾಡಿ ನೋಡುವುದು. ಎಷ್ಟು ಜನ ಹಸಿದಿದ್ದಾರೆ, ನೀರು ಇದೆಯಾ, ರಸ್ತೆ ತೆರೆದಿದೆಯಾ, ಆಸ್ಪತ್ರೆಗೆ ಚಾವಣಿ ಇದೆಯಾ. ಅಂದಾಜು ಸಾಕು, ಹತ್ತಿಪ್ಪತ್ತು ಹೆಚ್ಚುಕಮ್ಮಿ ಆದರೆ ಪರವಾಗಿಲ್ಲ. ಎರಡನೆಯದು ತಿಂಗಳುಗಟ್ಟಲೆ ನಡೆಯುವ ಲೆಕ್ಕ. ಯಾವ ಶಾಲೆ ಕಟ್ಟಲು ಎಷ್ಟು ಬೇಕು, ಬೆಳೆ ನಷ್ಟ ಎಷ್ಟು, ಆದಾಯ ಎಷ್ಟು ಖೋತಾ ಎಂಬುದೆಲ್ಲ ಅದರಲ್ಲಿ.

ಎಡವಟ್ಟಾಗುವುದು ಇವೆರಡನ್ನು ಬೆರೆಸಿದಾಗ. ಮೊದಲ ವಾರ ನಿಖರ ಪಟ್ಟಿ ಕೇಳುತ್ತಾ ಕೂತರೆ ಅಕ್ಕಿ ಹೊರಡುವುದಿಲ್ಲ. ವರ್ಷ ಕಳೆದ ಮೇಲೂ ಮೊದಲ ವಾರದ ಅಂದಾಜನ್ನೇ ಹಿಡಿದು ಮನೆ ಹಂಚಿದರೆ ಯಾರಿಗೋ ಎರಡು, ಯಾರಿಗೋ ಸೊನ್ನೆ.

ಯೊಲಾಂಡಾದಲ್ಲಿ ಈ ಅಂತರ ಕಣ್ಣಿಗೆ ಹೊಡೆಯುತ್ತದೆ. ಒಂದೇ ತಿಂಗಳ ಆಸುಪಾಸಿನಲ್ಲಿ, 2013ರ ಡಿಸೆಂಬರ್‌ನಲ್ಲಿ, ಸರ್ಕಾರ ಹೊರತಂದ ಮರುನಿರ್ಮಾಣ ಯೋಜನೆ ಒಟ್ಟು ಹಾನಿ ಮತ್ತು ನಷ್ಟ 571 ಬಿಲಿಯನ್ ಪೆಸೊ ಎಂದಿತು (ಪೆಸೊ ಅಲ್ಲಿನ ದುಡ್ಡು, ಒಂದು ಬಿಲಿಯನ್ ಅಂದರೆ ನೂರು ಕೋಟಿ). ವಿಪತ್ತು ಮಂಡಳಿಯ ಅಂತಿಮ ವರದಿಯಲ್ಲಿ ಹಾನಿ 89.6 ಬಿಲಿಯನ್. ಆರು ಪಟ್ಟಿಗೂ ಹೆಚ್ಚು ವ್ಯತ್ಯಾಸ! ಒಡೆದ ಆಸ್ತಿ ಮಾತ್ರ ಲೆಕ್ಕವೋ, ಮುಂದೆ ಬರಬೇಕಿದ್ದ ಆದಾಯವೂ ಸೇರಿತೋ? ಖಾಸಗಿಯವರದ್ದು ಸೇರಿತೋ? ಹಳೆ ಬೆಲೆಯೋ, ಹೊಸದಾಗಿ ಕಟ್ಟುವ ಬೆಲೆಯೋ? ಇದೆಲ್ಲ ಹೇಳದ ಕೋಟಿ ಲೆಕ್ಕ ಸುಮ್ನೆ ಸದ್ದು.

ಸತ್ತವರ ಸಂಖ್ಯೆ ದಿನಕ್ಕೊಂದು ಯಾಕೆ?

ಮೊದಲ ವಾರಾಂತ್ಯದಲ್ಲಿ ಅಲ್ಲಿನ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು 10,000 ಜನ ಸತ್ತಿರಬಹುದು ಎಂದರು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಕೆಲವೇ ದಿನಗಳಲ್ಲಿ ಅಧ್ಯಕ್ಷ ಬೆನಿಗ್ನೊ ಅಕಿನೊ, ಅದು ಜಾಸ್ತಿಯಾಯಿತು, 2,000 ಅಥವಾ 2,500 ಇರಬಹುದು ಎಂದರು. ಆ ಅಧಿಕಾರಿಯನ್ನು ಹುದ್ದೆಯಿಂದ ಬದಲಾಯಿಸಲಾಯಿತು. 2014ರ ಏಪ್ರಿಲ್ ಹೊತ್ತಿಗೆ ಅಧಿಕೃತ ಸಂಖ್ಯೆ 6,300 ತಲುಪಿತು. ಕಾಣೆಯಾದವರು ಸಾವಿರಕ್ಕೂ ಹೆಚ್ಚು. ಅಂದರೆ ಇಬ್ಬರ ಅಂದಾಜೂ ತಪ್ಪಿತ್ತು. ಕುರ್ಚಿ ಹೋದದ್ದು ಮಾತ್ರ ಒಬ್ಬರದು.

ಹಠಾತ್ತನೆ ಹೇಳುವ ಅಂದಾಜು ಬೇರೆ, ಅಧಿಕೃತ ಎಣಿಕೆ ಬೇರೆ. ಅಧಿಕೃತ ಎಣಿಕೆಗೆ ಶವ ಸಿಗಬೇಕು, ಸ್ಥಳೀಯ ಆಡಳಿತ ದೃಢಪಡಿಸಬೇಕು. ಸಮುದ್ರ ಒಯ್ದವರಿಗೆ ಇದು ಹೇಗೆ ಸಾಧ್ಯ? ಅವರು ‘ಕಾಣೆಯಾದವರು’ ಎಂಬ ಅಂಕಣದಲ್ಲೇ ಉಳಿಯುತ್ತಾರೆ. ಅಂಥ ಅಪಾಯದಲ್ಲಿ ಕಾಣೆಯಾದವರನ್ನು ಸತ್ತರೆಂದು ಭಾವಿಸಿ ಆಸ್ತಿ ಹಂಚಲು ಅಲ್ಲಿನ ನಾಗರಿಕ ಸಂಹಿತೆ 4 ವರ್ಷ ಕಾಯಲು ಹೇಳುತ್ತದೆ. ಅಷ್ಟು ದಿನ ಹೆಂಡತಿಗೆ ಗಂಡನೂ ಇಲ್ಲ, ಮರಣ ಪತ್ರವೂ ಇಲ್ಲ.

ಮನೆ ‘ಪೂರ್ತಿ ಹಾನಿ’ಯೋ ‘ಭಾಗಶಃ ಹಾನಿ’ಯೋ ಎಂದು ಹೇಗೆ ತೀರ್ಮಾನಿಸುತ್ತಾರೆ?

ಎಲ್ಲ ಜಗಳ ಇಲ್ಲೇ. ಯೊಲಾಂಡಾದಲ್ಲಿ ಒಟ್ಟು 11 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಪೆಟ್ಟು ಬಿತ್ತು. ಸುಮಾರು ಅರ್ಧದಷ್ಟು ಪೂರ್ತಿ ಹೋದವು. ಸರ್ಕಾರದ ವಸತಿ ನೆರವು ಪೂರ್ತಿ ಹಾನಿಗೆ 30,000 ಪೆಸೊ, ಭಾಗಶಃ ಹಾನಿಗೆ 10,000. ಆಗಿನ ಲೆಕ್ಕದಲ್ಲಿ 30,000 ಪೆಸೊ ಅಂದರೆ ಸುಮಾರು 40 ಸಾವಿರ ರೂಪಾಯಿ. ನಡುವೆ ಬೇರೆ ಮೆಟ್ಟಿಲೇ ಇಲ್ಲ. ಒಂದು ಗೋಡೆ ನಿಂತಿದೆ ಎಂದು ಸಮೀಕ್ಷೆಗೆ ಬಂದವನು ಬರೆದರೆ 20,000 ಪೆಸೊ ಹೋಯಿತು.

ನಮ್ಮಲ್ಲೂ ಇದರ ರುಚಿ ನೋಡಿದವರಿದ್ದಾರೆ. 2019ರ ನೆರೆಯಲ್ಲಿ ಕರ್ನಾಟಕ ಸರ್ಕಾರ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಮುಕ್ಕಾಲಿಗಿಂತ ಜಾಸ್ತಿ ಹಾಳಾದರೆ ಎ, 5 ಲಕ್ಷ ರೂಪಾಯಿ. ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಯಾರ ಮನೆ ಎ, ಯಾರದ್ದು ಸಿ ಎಂಬುದೇ ತಿಂಗಳುಗಟ್ಟಲೆ ಕಟ್ಟೆಯ ಮೇಲಿನ ಮಾತಾಗಿತ್ತು.

ಇನ್ನೊಂದು ತೊಡಕು. ಮಣ್ಣು, ಬಿದಿರು, ತಗಡಿನ ಮನೆ ಬಿದ್ದ ಮೂರನೇ ದಿನಕ್ಕೇ ಆ ಬಡವ ಅದೇ ತಗಡು ಎತ್ತಿ ನಿಲ್ಲಿಸಿ ಒಳಗೆ ಮಲಗಿರುತ್ತಾನೆ. ಮಳೆ ಬರುತ್ತಿದೆ, ಇನ್ನೇನು ಮಾಡುತ್ತಾನೆ? ಸಮೀಕ್ಷೆಯವರು ಎರಡು ವಾರ ಬಿಟ್ಟು ಬಂದರೆ ಅವರಿಗೆ ಕಾಣುವುದು ನಿಂತಿರುವ ಮನೆ. ಫೋಟೊ ತೆಗೆದಿಟ್ಟುಕೊಳ್ಳಿ ಎನ್ನುವುದು ಅದಕ್ಕೇ. ಫೋನ್ ನೀರಲ್ಲಿ ಹೋಗಿದ್ದರೆ ನೆರೆಯವರ ಫೋನ್‌ನಲ್ಲಾದರೂ.

ಉಪಗ್ರಹದ ಚಿತ್ರ ನೋಡಿ ಎಣಿಸಬಹುದಲ್ಲ?

ಎಣಿಸಲು ಹೋದರು. ಯಾರು ಬೇಕಾದರೂ ಸೇರಿ ಬರೆಯಬಹುದಾದ ಇಂಟರ್ನೆಟ್ ನಕ್ಷೆ ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ತಮ್ಮ ಮನೆಯಲ್ಲೇ ಕೂತು ಆ ಪ್ರದೇಶದ ರಸ್ತೆ, ಮನೆ ಗುರುತಿಸಿದರು. ರಸ್ತೆ ಹುಡುಕಲು, ಎಷ್ಟು ಮನೆ ಇದ್ದವು ಎಂದು ತಿಳಿಯಲು ಅದು ತುಂಬಾ ಉಪಯೋಗಕ್ಕೆ ಬಂತು. ಆದರೆ ಯಾವ ಮನೆ ಎಷ್ಟು ಹಾಳಾಗಿದೆ ಎಂಬ ಗುರುತುಗಳನ್ನು ಆಮೇಲೆ ನೆಲಕ್ಕೆ ಹೋಗಿ ತಾಳೆ ನೋಡಿದಾಗ ಸಾಕಷ್ಟು ತಪ್ಪು ಸಿಕ್ಕವು. ಮೇಲಿಂದ ಕಾಣುವುದು ಚಾವಣಿ. ಚಾವಣಿ ಇದ್ದೂ ಗೋಡೆ ಹೋಗಿರಬಹುದು, ಒಳಗೆ ಕುತ್ತಿಗೆ ಮಟ್ಟ ಕೆಸರು ಇರಬಹುದು. ಆಕಾಶದಿಂದ ನೋಡಿ ಊರು ಆರಿಸಬಹುದು, ಮನೆ ಆರಿಸಲು ಚಪ್ಪಲಿ ಸವೆಸಲೇಬೇಕು.

ಬೆಳೆ ನಷ್ಟ?

ತಿಪಟೂರು ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಲ್ಲಿ ಯೊಲಾಂಡಾ 3.3 ಕೋಟಿ ತೆಂಗಿನ ಮರಗಳನ್ನು ಹಾಳು ಮಾಡಿತು. ಭತ್ತ ಹೋದರೆ ಮುಂದಿನ ಹಂಗಾಮಿಗೆ ಬೀಜ ಕೊಟ್ಟರೆ ಆಯಿತು. ತೆಂಗು ಹೋದರೆ ಹೊಸ ಸಸಿ ಸರಿಯಾಗಿ ಫಲ ಕೊಡಲು ಆರರಿಂದ ಒಂಬತ್ತು ವರ್ಷ. ಬಿದ್ದ ಮರದ ಬೆಲೆ ಬರೆದುಬಿಟ್ಟರೆ ಲೆಕ್ಕ ಮುಗಿಯಲಿಲ್ಲ. ಅಷ್ಟು ವರ್ಷ ಆ ಕುಟುಂಬ ಏನು ತಿನ್ನುತ್ತದೆ? ಜೊತೆಗೆ ಬಿದ್ದ ಮರಗಳನ್ನು ಬೇಗ ಸಾಗಿಸದಿದ್ದರೆ ಅವುಗಳಲ್ಲೇ ದುಂಬಿ ಹುಟ್ಟಿ ಉಳಿದ ಮರಗಳನ್ನೂ ತಿನ್ನುತ್ತದೆ. ಹಾಗಾಗಿ ಗರಗಸ ಹಂಚುವುದೂ ಅಲ್ಲಿ ಪರಿಹಾರದ ಭಾಗವೇ ಆಯಿತು. ತೋಟ ಗೇಣಿಗೆ ನೋಡಿಕೊಳ್ಳುವವನ ಕಷ್ಟ ಬೇರೆ: ಮರ ಮಾಲೀಕನದು, ಹೊಟ್ಟೆ ಇವನದು.

‘ವಿಪತ್ತು ಸ್ಥಿತಿ’ ಘೋಷಿಸಿದರೆ ನಿಜವಾಗಿ ಏನು ಬದಲಾಗುತ್ತದೆ?

ಅದು ಬರೀ ಭಾಷಣವಲ್ಲ. 2013ರ ನವೆಂಬರ್ 11ರಂದು ಅಧ್ಯಕ್ಷರು ರಾಷ್ಟ್ರೀಯ ವಿಪತ್ತು ಸ್ಥಿತಿ ಘೋಷಿಸಿದರು. ಆಗ ಅಕ್ಕಿ, ನೀರು, ಔಷಧಿಯಂಥ ಅಗತ್ಯ ವಸ್ತುಗಳ ಬೆಲೆ ಏರಿಸುವಂತಿಲ್ಲ. ತುರ್ತು ನಿಧಿ ಬಳಸಲು ದಾರಿ ತೆರೆಯುತ್ತದೆ. ಬಡ್ಡಿ ಇಲ್ಲದ ಸಾಲಕ್ಕೆ ಅವಕಾಶ ಸಿಗುತ್ತದೆ. ಪ್ರಾಂತ್ಯ, ಪಟ್ಟಣಗಳ ಪರಿಷತ್ತುಗಳೂ ತಮ್ಮ ಮಟ್ಟಿಗೆ ಹೀಗೆ ಘೋಷಿಸಬಹುದು.

ದುಡ್ಡು ಎಲ್ಲಿಂದ ಬರುತ್ತದೆ?

ಪ್ರತಿ ಸ್ಥಳೀಯ ಆಡಳಿತ ತನ್ನ ಅಂದಾಜು ಆದಾಯದ ಕನಿಷ್ಠ 5 ಶೇಕಡಾವನ್ನು ವಿಪತ್ತಿಗೆಂದು ತೆಗೆದಿಡಬೇಕು. ಅದರಲ್ಲಿ 30 ಶೇಕಡಾ ತುರ್ತು ನೆರವಿಗೆ, ಉಳಿದದ್ದು ಮುಂಜಾಗ್ರತೆಗೆ. ಹಿಂದೆ ವಿಪತ್ತು ಬಂದ ಮೇಲಷ್ಟೇ ಇಂಥ ದುಡ್ಡು ಮುಟ್ಟಬಹುದಿತ್ತು. ಬೆಂಕಿ ಬಿದ್ದಾಗ ಬಾವಿ ತೋಡುವ ಕಾನೂನು ಅದು. ಈಗಿನ ಕಾಯ್ದೆ ಒಳ್ಳೆಯದೇ. ಆದರೆ ಬಡ ಮೀನುಗಾರರ ಪಟ್ಟಣದ ಆದಾಯದ 5 ಶೇಕಡಾ ಎಷ್ಟಾದೀತು? ಯಾವ ಊರಿಗೆ ಅಪಾಯ ಜಾಸ್ತಿಯೋ ಅದರ ಗಂಟು ಚಿಕ್ಕದು. ಆಗ ಮನಿಲಾ ಕಡೆ ನೋಡಬೇಕು. ಕೇಂದ್ರದ ದುಡ್ಡಿಗೆ ಕಾಯುವ ಕಷ್ಟ ನಮಗೆ ಹೊಸದಲ್ಲ. ಬರ ಪರಿಹಾರಕ್ಕಾಗಿ ಕರ್ನಾಟಕ 2024ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೇ ಹತ್ತಬೇಕಾಯಿತು.

ಇಷ್ಟೆಲ್ಲ ದೇಶಗಳು ಸಹಾಯ ಕಳಿಸಿದರೂ ಜನ ಅನ್ನಕ್ಕೆ ಪರದಾಡಿದ್ದೇಕೆ?

ಸಾಮಾನು ಇರಲಿಲ್ಲ ಅಂತಲ್ಲ, ದಾರಿ ಇರಲಿಲ್ಲ. ರನ್‌ವೇ ಒಂದೇ, ಅದೂ ಹಾಳಾಗಿದೆ. ರಸ್ತೆ ತುಂಬ ಮರ, ತಗಡು, ಹೆಣ. ಲಾರಿ ಇಲ್ಲ, ಇದ್ದ ಲಾರಿಗೆ ಡೀಸೆಲ್ ಇಲ್ಲ. ಅಮೆರಿಕದ ವಿಮಾನವಾಹಕ ಹಡಗು ಜಾರ್ಜ್ ವಾಷಿಂಗ್ಟನ್ ಬಂದು ಹೆಲಿಕಾಪ್ಟರ್‌ಗಳಿಂದ ನೀರು, ಆಹಾರ ಸಾಗಿಸತೊಡಗಿದ ಮೇಲೆ ದೂರದ ಊರುಗಳಿಗೆ ನೆರವು ಮುಟ್ಟಿತು. ವಿಶ್ವಸಂಸ್ಥೆ ನವೆಂಬರ್ 12ರಂದು ಇದನ್ನು ತನ್ನ ಅತಿ ಮೇಲಿನ ದರ್ಜೆಯ ತುರ್ತುಸ್ಥಿತಿ ಎಂದು ಘೋಷಿಸಿ, ಆಹಾರ, ನೀರು, ವಸತಿ, ಆರೋಗ್ಯ ಎಂದು ಗುಂಪು ಮಾಡಿ ಕೆಲಸ ಹಂಚಿತು. ಇಲ್ಲದಿದ್ದರೆ ಒಂದೇ ಶಿಬಿರಕ್ಕೆ ಮೂರು ಸಂಸ್ಥೆಗಳ ಕಂಬಳಿ, ಪಕ್ಕದ ಶಿಬಿರಕ್ಕೆ ಒಂದೂ ಇಲ್ಲ.

ಗೋದಾಮಿನ ಕಥೆಯೂ ಇದೆ. ಸರಿಯಾಗಿ ಇಡದೆ, ಸಾಗಿಸದೆ ಸಾವಿರಾರು ಆಹಾರದ ಪೊಟ್ಟಣಗಳು ಕೆಟ್ಟುಹೋದವು ಎಂದು ಅಲ್ಲಿನ ಲೆಕ್ಕ ಪರಿಶೋಧಕರು ಆಮೇಲೆ ಬರೆದರು.

ಸಾಮಾನು ಕೊಡುವುದು ಒಳ್ಳೆಯದೋ, ದುಡ್ಡೋ?

ಅಂಗಡಿ ಮುಚ್ಚಿರುವವರೆಗೆ ಅಕ್ಕಿ. ಅಂಗಡಿ ತೆರೆದ ಮೇಲೆ ದುಡ್ಡು. ಇದು ನನ್ನ ಅಭಿಪ್ರಾಯ, ಆದರೆ ಟಕ್ಲೋಬಾನ್ ಇದಕ್ಕೆ ಸಾಕ್ಷಿ. ತೈವಾನ್‌ನ ಬೌದ್ಧ ಸಂಸ್ಥೆ ತ್ಸು ಚಿ ಅಲ್ಲಿ ಕಸ, ಕೆಸರು ಎತ್ತಲು ಊರಿನವರನ್ನೇ ಕರೆದು ದಿನಕ್ಕೆ 500 ಪೆಸೊ ಕೂಲಿ ಕೊಟ್ಟಿತು. ಅಲ್ಲಿನ ಕನಿಷ್ಠ ಕೂಲಿಗಿಂತ ಅದು ಜಾಸ್ತಿ. ಬೀದಿಯೂ ಚೊಕ್ಕವಾಯಿತು, ಕೈಯಲ್ಲಿ ಕಾಸೂ ಬಂತು, ತರಕಾರಿ ಮಾರುವವಳು ಮತ್ತೆ ಬುಟ್ಟಿ ಇಟ್ಟು ಕೂತಳು.

ಹಾನಿಯಾದರೂ ಪಟ್ಟಿಯಿಂದ ಹೊರಗುಳಿದವರು ಯಾರು?

ವಸತಿ ನೆರವಿನ ನಿಯಮದಲ್ಲಿ ತಿಂಗಳಿಗೆ 15,000 ಪೆಸೊಗಿಂತ ಹೆಚ್ಚು ಆದಾಯ ಇರುವ ಕುಟುಂಬಗಳನ್ನು ಬಿಟ್ಟರು. ಶಾಲಾ ಶಿಕ್ಷಕಿಯ ಮನೆ ಪೂರ್ತಿ ಹೋಗಿದ್ದರೂ ಸಂಬಳದ ಚೀಟಿ ಅಡ್ಡ ಬರುತ್ತದೆ. ದಡದಿಂದ 40 ಮೀಟರ್ ಒಳಗೆ ಮನೆ ಕಟ್ಟಬಾರದು ಎಂಬ ನಿಯಮ ಇನ್ನೊಂದು ಗೋಡೆಯಾಯಿತು. ಕಟ್ಟಬಾರದ ಜಾಗದಲ್ಲಿ ಕಟ್ಟಲು ದುಡ್ಡು ಹೇಗೆ ಕೊಡುವುದು ಎಂದು ಅಧಿಕಾರಿಗಳ ವಾದ. ಮೀನು ಹಿಡಿಯುವವನು ದಡ ಬಿಟ್ಟು ಎಲ್ಲಿಗೆ ಹೋಗಲಿ ಎಂದು ಜನರ ಪ್ರಶ್ನೆ. ಬಾಡಿಗೆಗಿದ್ದವರು, ಒಂದೇ ಸೂರಿನ ಕೆಳಗೆ ಎರಡು ಸಂಸಾರ ಮಾಡಿಕೊಂಡಿದ್ದವರು, ಎಣಿಸುವ ದಿನ ಊರಲ್ಲಿ ಇಲ್ಲದವರು – ಎಣಿಕೆ ಎಲ್ಲಿ ನಡೆದರೂ ಜಾರುವ ಹೆಸರುಗಳು ಇವರದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಗುತ್ತದೆ. ಆದರೆ ಇಲ್ಲಿ ಎಷ್ಟೋ ಸಲ ತಪ್ಪು ಪೂಜಾರಿಯದಲ್ಲ, ಅರ್ಜಿ ನಮೂನೆಯದು.

ಇದಕ್ಕೆ ಒಂದು ಸರಳ ಮದ್ದು ಇದೆ. ಪಟ್ಟಿಯನ್ನು ಬರಂಗಾಯ್ ಕಚೇರಿಯ ಗೋಡೆಗೆ ಅಂಟಿಸಿ, ಆಕ್ಷೇಪಣೆಗೆ ಕೆಲವು ದಿನ ಕೊಡುವುದು. ಊರಿಗೆ ಗೊತ್ತಿರದ ಗುಟ್ಟು ಇರುವುದಿಲ್ಲ. ಯಾರದ್ದು ಸುಳ್ಳು, ಯಾರದ್ದು ಬಿಟ್ಟುಹೋಗಿದೆ ಎಂದು ಸಂಜೆಯೊಳಗೆ ತಿಳಿಯುತ್ತದೆ.

ಮನೆ ಕಟ್ಟಿಕೊಟ್ಟರಾ?

ನಿಧಾನವಾಗಿ. ಮರುನಿರ್ಮಾಣಕ್ಕೆಂದೇ ಅಧ್ಯಕ್ಷರ ಸಹಾಯಕರಾಗಿ ಪಾನ್‌ಫಿಲೊ ಲಾಕ್ಸನ್ ಅವರನ್ನು 2013ರ ಡಿಸೆಂಬರ್‌ನಲ್ಲಿ ನೇಮಿಸಿದರು. 167.9 ಬಿಲಿಯನ್ ಪೆಸೊಗಳ ಸಮಗ್ರ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2014ರ ಅಕ್ಟೋಬರ್‌ನಲ್ಲಿ, ಅಂದರೆ ಹತ್ತಿರ ಹತ್ತಿರ ಒಂದು ವರ್ಷದ ನಂತರ. 2 ಲಕ್ಷಕ್ಕೂ ಹೆಚ್ಚು ಮನೆಗಳ ಗುರಿ ಇತ್ತು. ಜಾಗ ಹುಡುಕುವುದು, ಹಕ್ಕುಪತ್ರ, ಗುತ್ತಿಗೆ ಎಂದು ವರ್ಷಗಳೇ ಉರುಳಿದವು. ಟಕ್ಲೋಬಾನ್ ಉತ್ತರಕ್ಕೆ ಕಟ್ಟಿದ ಬಡಾವಣೆಗಳಲ್ಲಿ ಮನೆ ಬಂತು, ನಲ್ಲಿ ನೀರು ಬರಲಿಲ್ಲ ಎಂಬ ದೂರು ಬಹಳ ಕಾಲ ಇತ್ತು. ಸಮುದ್ರವೂ ದೂರ, ಪೇಟೆಯೂ ದೂರ.

ಅಷ್ಟು ದೊಡ್ಡ ಚಂಡಮಾರುತದಲ್ಲಿ ಯಾರೂ ಸಾಯದ ಊರೂ ಇತ್ತಂತೆ?

ಇತ್ತು. ಸೆಬು ಪ್ರಾಂತ್ಯದ ಕಮೋಟೆಸ್ ದ್ವೀಪಗಳ ಬಳಿ ತುಲಾಂಗ್ ದಿಯೋತ್ ಎಂಬ ಪುಟ್ಟ ದ್ವೀಪ. ಸುಮಾರು ಸಾವಿರ ಜನ. ಚಂಡಮಾರುತದ ಹಿಂದಿನ ದಿನವೇ ಎಲ್ಲರನ್ನೂ ದೋಣಿಯಲ್ಲಿ ದಾಟಿಸಿದರು. ಮರಳಿ ಬಂದಾಗ ಒಂದು ಮನೆಯೂ ನೆಟ್ಟಗೆ ನಿಂತಿರಲಿಲ್ಲ. ಸತ್ತವರ ಅಂಕಣದಲ್ಲಿ ಸೊನ್ನೆ. ಬರೀ ಸಾವಿನ ಸಂಖ್ಯೆ ನೋಡಿ ಅಕ್ಕಿ ಹಂಚುವ ಅಧಿಕಾರಿ ಇದ್ದರೆ ಈ ದ್ವೀಪಕ್ಕೆ ಏನೂ ಸಿಗದು. ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಶಿಕ್ಷೆ!

ಆಮೇಲೆ ಏನು ಬದಲಾಯಿತು?

ಮೊದಲು ಮಾತು ಬದಲಾಯಿತು. ಅಧಿಕಾರಿಗಳು ‘ಸ್ಟಾರ್ಮ್ ಸರ್ಜ್’, ಅಂದರೆ ಗಾಳಿ ತಳ್ಳಿದ ಸಮುದ್ರ ಊರೊಳಗೆ ನುಗ್ಗುವುದು, ಬರುತ್ತದೆ ಎಂದು ಎಚ್ಚರಿಸಿದ್ದರು. ಜನರಿಗೆ ಆ ಪದವೇ ಅರ್ಥವಾಗಿರಲಿಲ್ಲ. ಸುನಾಮಿ ಎಂದಿದ್ದರೆ ಓಡುತ್ತಿದ್ದೆವು ಎಂದು ಬದುಕುಳಿದ ಅನೇಕರು ಹೇಳಿದರು. 2014ರಲ್ಲಿ ಮೊಬೈಲ್‌ಗೆ ಉಚಿತ ವಿಪತ್ತು ಎಚ್ಚರಿಕೆ ಕಳಿಸಬೇಕೆಂಬ ಕಾನೂನು ಬಂತು. 2015ರಲ್ಲಿ ಗಾಳಿಯ ಎಚ್ಚರಿಕೆಗೆ 5ನೇ ಸಂಕೇತ ಸೇರಿತು.

ನಮ್ಮ ಮಗಳು ಅಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ಏನು ನೋಡಿಕೊಳ್ಳಬೇಕು?

ಪಗಾಸಾದ ಸಂಕೇತ 1ರಿಂದ 5ರವರೆಗೆ ಇರುತ್ತದೆ. 1 ಅಂದರೆ 36 ಗಂಟೆಯೊಳಗೆ ಗಂಟೆಗೆ 39ರಿಂದ 61 ಕಿ.ಮೀ. ಗಾಳಿ. 5 ಅಂದರೆ 185 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚು. ನೆನಪಿಡಿ, ಇದು ಗಾಳಿಯ ಸಂಕೇತ. ಸಂಕೇತ 1 ಇದ್ದಾಗಲೂ ಮಳೆ ನೀರು ಕೋಣೆಗೆ ನುಗ್ಗಬಹುದು. ದವಾವೊದಲ್ಲಿ ಚಂಡಮಾರುತ ಅಪರೂಪ, ಸೆಬು ಮತ್ತು ಮನಿಲಾ ಕಡೆ ಜಾಸ್ತಿ.

ಫೋನ್ ಹೋಗದಿದ್ದರೆ ಗಾಬರಿ ಬೇಡ, ಟವರ್ ಬಿದ್ದಿರಬಹುದು. ಮನಿಲಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಮೊದಲೇ ಹೆಸರು, ವಿಳಾಸ ಕೊಟ್ಟಿರಲಿ. ಪಾಸ್‌ಪೋರ್ಟ್ ಪ್ರತಿ ನಿಮ್ಮ ಬಳಿಯೂ ಇರಲಿ. ಬಿರುಗಾಳಿ ಕಳೆದ ಮೇಲೆ ಅವಳು ಇರುವ ಬರಂಗಾಯ್‌ನ ಕಚೇರಿಗೆ ಹೋಗಿ ತಾನು ಇಲ್ಲೇ ಇದ್ದೇನೆ ಎಂದು ಬರೆಸಲಿ. ಬಾಡಿಗೆ ಕೋಣೆಯ ವಿದ್ಯಾರ್ಥಿಯ ಹೆಸರು ಮನೆಮನೆ ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ.